ತಿರುಗಿ ಹೋಗದ ಮನೆಗಳು: ಒಬ್ಬ ಸಮಾಜ ಕಾರ್ಯಕರ್ತೆ ಕೆಲಸ ಬಿಟ್ಟ ಪ್ರಕರಣ

ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕು ಊರಲ್ಲಿ ಮಕ್ಕಳ ಹಕ್ಕುಗಳ ಯೋಜನೆಯೊಂದಕ್ಕೆ ನಾನು ಸಂಯೋಜಕಿ. ನಮ್ಮದು ಏಳು ಜನರ ತಂಡ, ಎರಡು ಕೋಣೆಯ ಬಾಡಿಗೆ ಕಚೇರಿ, ನೋಡಿಕೊಳ್ಳಬೇಕಾದದ್ದು 12 ಗ್ರಾಮ ಪಂಚಾಯ್ತಿ. ಮೂರು ವರ್ಷಕ್ಕೂ ಜಾಸ್ತಿ ನಮ್ಮ ಜೊತೆ ದುಡಿದ ಸಮಾಜ ಕಾರ್ಯಕರ್ತೆಯೊಬ್ಬರು 2024ರಲ್ಲಿ ಕೆಲಸ ಬಿಟ್ಟರು. ಅವರ ಜಾಗಕ್ಕೆ ಬಂದವರು ನಾಲ್ಕು ತಿಂಗಳಿಗೆ ಹೋದರು. ಆಮೇಲೆ ಬಂದವರು ಎರಡೇ ತಿಂಗಳು. ಒಂದೇ ಹುದ್ದೆಗೆ ವರ್ಷದೊಳಗೆ ಮೂರು ಸಲ ಸಂದರ್ಶನ ಮಾಡಿದೆ. ಮೂರನೇ ಸಲ ಅರ್ಜಿಗಳನ್ನು ಮುಂದಿಟ್ಟುಕೊಂಡು ಕೂತಾಗ, ಮೊದಲನೆಯವರು ಯಾಕೆ ಹೋದರು ಅನ್ನುವುದೇ ನನಗೆ ಸರಿಯಾಗಿ ಗೊತ್ತಿಲ್ಲ ಅನ್ನಿಸಿತು. ಅವರ ಮನೆಗೆ ಹೋಗಿ ಕೇಳಿದೆ. ಎರಡು ಭಾನುವಾರ ಕೂತು ಮಾತಾಡಿದೆವು.

ಈ ಬರಹ ಅವರ ಒಪ್ಪಿಗೆಯಿಂದ ಬರೆದದ್ದು. ಕರಡನ್ನು ಅವರೇ ಓದಿದ್ದಾರೆ, ಎರಡು ಕಡೆ ತಿದ್ದಿದ್ದಾರೆ. ಮಕ್ಕಳ ಗುರುತು ಸಿಗದ ಹಾಗೆ ಊರು, ತಿಂಗಳು, ಕೆಲವು ವಿವರ ಬದಲಿಸಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಹಳ್ಳಿಯವರು ಅವರನ್ನು 'ಅಕ್ಕೋರು' ಅಂತಿದ್ದರು. ನಮ್ಮ ಕಡೆ ಶಾಲೆಯ ಟೀಚರಮ್ಮನನ್ನು ಕರೆಯುವುದು ಹಾಗೆ. ನಾನೂ ಇಲ್ಲಿ ಹಾಗೇ ಬರೆಯುತ್ತೇನೆ.

ಕೆಲಸ ಎಂಥದ್ದು

ಕೊಪ್ಪಳ 1998ರಲ್ಲಿ ರಾಯಚೂರಿನಿಂದ ಬೇರೆಯಾದ ಜಿಲ್ಲೆ. ಗಂಗಾವತಿ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆ ಇದೆ, ಭತ್ತ ಇದೆ. ಕುಷ್ಟಗಿ, ಯಲಬುರ್ಗಾ ಕಡೆ ಬಹಳಷ್ಟು ಹೊಲ ಮಳೆಯನ್ನೇ ನಂಬಿದೆ. ಮಳೆ ಕೈಕೊಟ್ಟ ವರ್ಷ ಮನೆಮಂದಿಯೆಲ್ಲ ಬೆಂಗಳೂರು, ಮಂಗಳೂರು, ಗೋವಾ ಅಂತ ಗುಳೆ ಹೊರಡುತ್ತಾರೆ. ಹೊರಡುವ ಮುಂಚೆ ಒಂದು ಪ್ರಶ್ನೆ ಏಳುತ್ತದೆ: ಬೆಳೆದ ಹುಡುಗಿಯನ್ನು ಯಾರ ಹತ್ತಿರ ಬಿಡೋದು? ಎಷ್ಟೋ ಮನೆಗಳಲ್ಲಿ ಇದಕ್ಕೆ ಸಿಗುವ ಉತ್ತರ ಲಗ್ನ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 21 ಜನರ ಮದುವೆ 18 ತುಂಬುವ ಮುಂಚೆಯೇ ಆಗಿತ್ತು.

ಇನ್ನೊಂದು ಕಡೆ ಬೀಜೋತ್ಪಾದನೆಯ ಹೊಲಗಳು. ಹೈಬ್ರಿಡ್ ಬೀಜಕ್ಕೆ ಒಂದೊಂದು ಹೂವನ್ನೂ ಕೈಯಿಂದಲೇ 'ಕ್ರಾಸಿಂಗ್' ಮಾಡಬೇಕು. ಹತ್ತಿಯಾದರೆ ಸಂಜೆ ಮೊಗ್ಗು ಬಿಡಿಸಿ ಗಂಡು ಕೇಸರ ಕಿತ್ತಿಡುತ್ತಾರೆ, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸುತ್ತಾರೆ. ಸಣ್ಣ ಬೆರಳು ಬೇಕು, ಬಗ್ಗಿ ನಿಲ್ಲುವ ಬೆನ್ನು ಬೇಕು. ಆ ಸೀಸನ್ನಿನಲ್ಲಿ ಶಾಲೆಯ ಹಾಜರಿ ಪುಸ್ತಕ ನೋಡಿದರೆ ಹೊಲದಲ್ಲಿ ಯಾರಿದ್ದಾರೆ ಅಂತ ಗೊತ್ತಾಗುತ್ತದೆ.

ಅಕ್ಕೋರ ಕೆಲಸ ಈ ಎರಡರ ಮಧ್ಯೆ. ಎಂ.ಎಸ್.ಡಬ್ಲ್ಯೂ. (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಓದಿದವರು, ಇದೇ ಜಿಲ್ಲೆಯವರು. ಕೈಗೆ ಬರುತ್ತಿದ್ದ ಸಂಬಳ 14,500 ರೂಪಾಯಿ. ಕರಾರು 11 ತಿಂಗಳದ್ದು, ದಾನಿ ಸಂಸ್ಥೆಯ ಹಣ ಮುಂದುವರಿದರೆ ಮತ್ತೆ 11 ತಿಂಗಳು. ಆ ಒಂದು ತಿಂಗಳ ಖಾಲಿಯಲ್ಲೂ ಅವರ ಫೋನಿಗೆ ಕರೆ ಬರುತ್ತಲೇ ಇರುತ್ತಿತ್ತು. ಅವರು ಹೋಗುತ್ತಲೂ ಇದ್ದರು.

ಒಂದು ಮದುವೆ ನಿಲ್ಲಿಸುವುದು ಅಂದರೇನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಹೊರಗಿನವರಿಗೆ ಅದು ಪೇಪರಿನ ನಾಲ್ಕು ಸಾಲಿನ ಸುದ್ದಿ. ಒಳಗೆ ಹೀಗಿರುತ್ತದೆ. ರಾತ್ರಿ ಹತ್ತೂವರೆಗೆ ಅಂಗನವಾಡಿ ಕಾರ್ಯಕರ್ತೆಯ ಫೋನು. ದನಿ ತಗ್ಗಿಸಿ, "ಅಕ್ಕೋರ, ನಾಳೆ ನಸಿಕಿನ್ಯಾಗ ಅಕ್ಕಿಕಾಳ ಐತಿ. ನನ್ನ ಹೆಸರು ಮಾತ್ರ ಹೇಳಬ್ಯಾಡ್ರಿ" ಅನ್ನುತ್ತಾಳೆ. ಆಗಿನಿಂದ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ, ಪೊಲೀಸ್ ಠಾಣೆಗೆ, ಪಿಡಿಒಗೆ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಕರೆ. ಹೆಡ್‌ಮಾಸ್ತರರನ್ನು ಎಬ್ಬಿಸಿ ಶಾಲಾ ದಾಖಲಾತಿಯ ಹುಟ್ಟಿದ ತಾರೀಖಿನ ಫೋಟೋ ತರಿಸಿಕೊಳ್ಳಬೇಕು. ಬೆಳಿಗ್ಗೆ ಐದಕ್ಕೆ ಹಂದರದ ಮುಂದೆ ನಿಂತಾಗ ಒಳಗೆ ಸುರಗಿ ನೀರು ಹಾಕಿಸಿಕೊಂಡು ಕೂತ ಹುಡುಗಿ, ಹೊರಗೆ ಅನ್ನದ ಕೊಪ್ಪರಿಗೆ. ಸೋದರಮಾವ ಬೈಯುತ್ತಾನೆ. ಅಜ್ಜಿ ಕಾಲು ಹಿಡಿಯುತ್ತಾಳೆ. ಪೊಲೀಸರು ಬರುವುದು ತಡವಾದರೆ ಆ ಅರ್ಧ ಗಂಟೆ ಈ ಹೆಣ್ಣುಮಗಳು ಒಬ್ಬಳೇ.

2016ರ ರಾಜ್ಯ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ಹಂದರದಲ್ಲಿ ನಿಂತವರಿಗೆ ಇದನ್ನು ಹೇಳಿದರೆ, "ಲಗ್ನ ನಿಲ್ಲಿಸಿ ನೀವು ಹೋಗ್ತೀರಿ. ನಾಳೆಯಿಂದ ನನ್ನ ಮಗಳನ್ನ ನೀವು ನೋಡ್ಕೋತೀರೇನ್ರಿ?" ಅಂತ ತಾಯಿ ಕೇಳುತ್ತಾಳೆ. ಈ ಪ್ರಶ್ನೆಯನ್ನು ಅಕ್ಕೋರು ಮೂರು ವರ್ಷದಲ್ಲಿ ಎಷ್ಟು ಸಲ ಕೇಳಿಸಿಕೊಂಡರೋ. ಕೊನೆಗೆ 18 ತುಂಬುವವರೆಗೆ ಮದುವೆ ಮಾಡುವುದಿಲ್ಲ ಅಂತ ತಂದೆ ತಾಯಿಯಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಬಾಲನ್ಯಾಯ ಕಾಯ್ದೆಯಂತೆ ಹುಡುಗಿಯನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ಕೈಗೆ ಹಚ್ಚಿದ ಮೆಹಂದಿ ಹಾಗೇ ಇರುವ ಹುಡುಗಿ ಪಕ್ಕದಲ್ಲಿ ಕೂತು ಕೊಪ್ಪಳದ ತನಕ ಒಂದು ಮಾತೂ ಆಡುವುದಿಲ್ಲ.

ಇಷ್ಟಾದರೂ ಅಕ್ಕೋರಿಗೆ ಈ ಕೆಲಸ ಬಹಳ ಇಷ್ಟ ಇತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕಂದರೆ ಕೆಲಸ ಬಿಟ್ಟವರ ಬಗ್ಗೆ 'ಮೊದಲಿಂದಲೂ ಮನಸ್ಸಿರಲಿಲ್ಲ' ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ಮೊದಲ ಎರಡು ವರ್ಷ ಅವರು ಹುಡುಗಿಯರನ್ನು ಹೆಸರಿಂದಲೂ ಹೇಳುತ್ತಿರಲಿಲ್ಲ, ತಾವು ಕಂಡ ಯಾವುದೋ ಒಂದು ಗುರುತಿನಿಂದ ಹೇಳುತ್ತಿದ್ದರು. 'ಕಬಡ್ಡಿ ಹುಡುಗಿ', 'ಅಜ್ಜನ ಸೈಕಲ್ಲಿನ ಹುಡುಗಿ', 'ಗಣಿತಕ್ಕೆ ಅಳೋ ಹುಡುಗಿ'. ಸಂಜೆ ಕಚೇರಿಗೆ ಬಂದು ಬ್ಯಾಗ್ ಇಳಿಸುವ ಮುಂಚೆಯೇ, "ಮೇಡಂ, ಗಣಿತಕ್ಕ ಅಳೋಳು ಪಾಸಾದ್ಲು!" ಅಂತ ಶುರು ಮಾಡುತ್ತಿದ್ದರು. ಅವತ್ತು ಎಲ್ಲರಿಗೂ ಒಗ್ಗರಣಿ ಮಿರ್ಚಿ ಅವರ ಲೆಕ್ಕದಲ್ಲಿ.

ಹಾಳೆ ಬದಲಾಯಿತು

2023ರಲ್ಲಿ ಮೂರು ಸಂಗತಿ ಒಂದರ ಹಿಂದೆ ಒಂದು ಬಂದವು.

ಆ ವರ್ಷ 1098 ಮಕ್ಕಳ ಸಹಾಯವಾಣಿ ಸ್ವಯಂಸೇವಾ ಸಂಸ್ಥೆಗಳ ಕೈಯಿಂದ ಸರ್ಕಾರದ ಕೈಗೆ ಹೋಯಿತು, ತುರ್ತು ನಂಬರ್ 112ರ ಜೊತೆ ಜೋಡಣೆಯಾಯಿತು. ವ್ಯವಸ್ಥೆಯಾಗಿ ಅದು ಸರಿಯೋ ತಪ್ಪೋ ಬೇರೆ ಚರ್ಚೆ. ನಮ್ಮ ಮಟ್ಟಿಗೆ ಆದದ್ದು ಇಷ್ಟು: ಹಳ್ಳಿಯಲ್ಲಿ ನಮ್ಮ ಮುಖ ಗೊತ್ತಿದ್ದವರು ನಂಬರ್ ಬಿಟ್ಟು ನೇರವಾಗಿ ಅಕ್ಕೋರ ಸ್ವಂತ ಮೊಬೈಲಿಗೆ ಮಾಡತೊಡಗಿದರು. ಹಗಲೂ ರಾತ್ರಿ ಎರಡೂ ಅವರದಾಯಿತು.

ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯಿತು. ನಮ್ಮ ಸಂಸ್ಥೆಯ ಲೆಕ್ಕದ ವಿಭಾಗ ಮಹಿಳಾ ಸಿಬ್ಬಂದಿಯ ಪ್ರಯಾಣ ಭತ್ಯೆ ತೆಗೆದುಹಾಕಿತು. ಕಾಗದದ ಮೇಲೆ ಇದು ಸರಿ ಕಾಣುತ್ತದೆ. ಆದರೆ ನಮ್ಮ 12 ಪಂಚಾಯ್ತಿಯ ಎಷ್ಟೋ ಹಳ್ಳಿಗಳಿಗೆ ಬಸ್ಸು ಬರುವುದು ದಿನಕ್ಕೆ ಎರಡೇ ಸಲ, ಬೆಳಿಗ್ಗೆ ಶಾಲೆ ಹೊತ್ತಿಗೊಂದು, ರಾತ್ರಿ ವಸ್ತಿ ಬಸ್ಸು. ಮಧ್ಯಾಹ್ನ ಎರಡು ಗಂಟೆಗೆ ಕೆಲಸ ಮುಗಿದರೆ ಟಂಟಂ (ಶೇರ್ ಆಟೋ) ಹಿಡಿಯಬೇಕು, ಇಲ್ಲ ಯಾರದೋ ಬೈಕಿನ ಹಿಂದೆ ಕೂರಬೇಕು. ಟಂಟಂ ದುಡ್ಡು ಅಕ್ಕೋರು ಕೈಯಿಂದ ಹಾಕುತ್ತಿದ್ದರು. ಆ ವರ್ಷ ಅವರ ಕೈಯಿಂದ ಎಷ್ಟು ಹೋಯಿತು ಅಂತ ನಾನು ಕೇಳಲೇ ಇಲ್ಲ.

ಮೂರನೆಯದು ತಿಂಗಳ ವರದಿಯ ಹಾಳೆ. ಇದರಲ್ಲಿ ನನ್ನ ಪಾಲೂ ಇದೆ. ದಾನಿ ಸಂಸ್ಥೆ ಹೊಸ ನಮೂನೆ ಕಳಿಸಿತು. ಹೊಸ ಪ್ರಕರಣ ಎಷ್ಟು, ತಡೆದ ಮದುವೆ ಎಷ್ಟು, ಜಾಗೃತಿ ಕಾರ್ಯಕ್ರಮ ಎಷ್ಟು, ಭಾಗವಹಿಸಿದವರು ಎಷ್ಟು, ಜಿಯೋಟ್ಯಾಗ್ ಇರುವ ಫೋಟೋ ಎಷ್ಟು. ಹಳೆಯ ನಮೂನೆಯಲ್ಲಿ 'ಮರುಭೇಟಿ' ಅಂತ ಒಂದು ಕಾಲಂ ಇತ್ತು. ಹೊಸದರಲ್ಲಿ ಇರಲಿಲ್ಲ. ನಾನು ಅದನ್ನು ಗಮನಿಸಿದೆ. ಕೇಳಬೇಕು ಅಂದುಕೊಂಡೆ, ಕೇಳಲಿಲ್ಲ. ಆ ನಮೂನೆ ಇಟ್ಟುಕೊಂಡೇ ಎಲ್ಲರ ತಿಂಗಳ ಗುರಿ ಹಾಕಿಕೊಟ್ಟೆ. ಗುರಿ ಮುಟ್ಟಬೇಕಾದರೆ ವಾರದ ಆರೂ ದಿನ ಹೊಸ ಊರಿಗೇ ಹೋಗಬೇಕಿತ್ತು. ಮದುವೆ ನಿಲ್ಲಿಸಿದ ಮನೆಗೆ ಮತ್ತೆ ಹೋದರೆ ಅದು ಲೆಕ್ಕಕ್ಕಿಲ್ಲ. ಯಾರೂ 'ಹೋಗಬೇಡಿ' ಅನ್ನಲಿಲ್ಲ. ಹೋಗಲು ದಿನವೇ ಉಳಿಯಲಿಲ್ಲ, ಅಷ್ಟೆ.

ಮುಚ್ಚಳಿಕೆ ಬರೆಸಿಕೊಂಡ ಮನೆಯಲ್ಲಿ ಅಪಾಯ ಇರುವುದು ಆಮೇಲೆ. ಛತ್ರದ ಅಡ್ವಾನ್ಸ್ ಹೋಯಿತು, ಬಂಧುಗಳ ಮುಂದೆ ಮರ್ಯಾದೆ ಹೋಯಿತು, ಹುಡುಗನ ಕಡೆಯವರು ಒತ್ತಾಯ ಮಾಡುತ್ತಿರುತ್ತಾರೆ. ಎರಡು ಮೂರು ತಿಂಗಳು ಯಾರಾದರೂ ಬಂದು ಹೋಗುತ್ತಿದ್ದರೆ, ಹುಡುಗಿಯ ಶಾಲೆ ಫೀಸು, ಹಾಸ್ಟೆಲ್ಲು ಅಂತ ಮಾತಾಡುತ್ತಿದ್ದರೆ, ತಾಯಿಗೆ ಗಂಡನ ಮುಂದೆ ಹೇಳಲು ಒಂದು ಮಾತು ಸಿಗುತ್ತದೆ. ಇದು ನಮ್ಮ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು.

ನಾನು ನೋಡಿದ್ದು, ನೋಡದೇ ಇದ್ದದ್ದು

2023ರ ಕೊನೆಯ ಹೊತ್ತಿಗೆ ಅಕ್ಕೋರಲ್ಲಿ ಬದಲಾವಣೆ ಕಾಣತೊಡಗಿತು. ಬುತ್ತಿ ಬಿಚ್ಚುತ್ತಿರಲಿಲ್ಲ, ಸಂಜೆ ಹಾಗೇ ವಾಪಸ್ ಒಯ್ಯುತ್ತಿದ್ದರು. ವಾರದಲ್ಲಿ ಎರಡು ದಿನ ತಲೆನೋವು. ಸಾಮಾಜಿಕ ತನಿಖಾ ವರದಿ ಕೊಡುವುದು ತಡವಾಗುತ್ತಿತ್ತು. ಮೊದಲು ಅವರ ವರದಿ ಓದಿದರೆ ಆ ಮನೆಯ ಬಾಗಿಲು ಯಾವ ಕಡೆ ಇದೆ ಅಂತಲೂ ಗೊತ್ತಾಗುತ್ತಿತ್ತು. ಈಗ ಎಲ್ಲವೂ ಒಂದೇ ತರಹ, 'ಕುಟುಂಬದ ಆರ್ಥಿಕ ಸ್ಥಿತಿ ಕಷ್ಟಕರವಾಗಿರುತ್ತದೆ'.

ಒಂದು ದಿನ ಅವರು, "ಆ ಹದಿನಾಲ್ಕನೇ ಕೇಸಿಂದು ಸಮಿತಿ ತಾರೀಕು ಯಾವತ್ತ ಐತ್ರಿ?" ಅಂತ ಕೇಳಿದರು. ಹದಿನಾಲ್ಕನೇ ಕೇಸು ಅಂದರೆ ಕಬಡ್ಡಿ ಹುಡುಗಿ. ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಆದರೂ ತಾರೀಖು ಹೇಳಿ ಸುಮ್ಮನಾದೆ.

ಜನವರಿಯಲ್ಲಿ ಗವಿಮಠದ ಜಾತ್ರೆಗೆ ತಂಡದವರೆಲ್ಲ ಕೊಪ್ಪಳಕ್ಕೆ ಹೋದಾಗ ಅವರು ಬರಲಿಲ್ಲ. "ಬ್ಯಾಸರಾಗೇತ್ರಿ" ಅಂದರು. ಬ್ಯಾಸರ ಅನ್ನುವ ಮಾತನ್ನು ನಾವು ದಿನಕ್ಕೆ ಹತ್ತು ಸಲ ಕೇಳುತ್ತೇವೆ. ಬಿಸಿಲಿಗೂ ಬ್ಯಾಸರ, ಕರೆಂಟು ಹೋದರೂ ಬ್ಯಾಸರ. ಹಾಗಾಗಿ ಅದು ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. ಫೆಬ್ರವರಿಯಲ್ಲಿ ವರದಿ ತಡವಾದದ್ದಕ್ಕೆ ಕಾರಣ ಕೇಳಿ ಅವರಿಗೆ ಒಂದು ಮೇಲ್ ಕಳಿಸಿದೆ. ಮೇಲಿನವರಿಗೂ ಒಂದು ಪ್ರತಿ ಹಾಕಿದೆ. ಎರಡು ಹೆಜ್ಜೆ ಆಚೆ, ಪಕ್ಕದ ಕೋಣೆಯಲ್ಲಿ ಕೂತಿದ್ದವರಿಗೆ ಮೇಲ್ ಕಳಿಸಿದೆ. ಆ ಎರಡು ಭಾನುವಾರದ ಮಾತಿನಲ್ಲಿ ಅವರು ಬೇರೆ ಯಾವುದಕ್ಕೂ ನನ್ನನ್ನು ದೂರಲಿಲ್ಲ. ಇದೊಂದನ್ನು ಮಾತ್ರ ಎರಡು ಸಲ ಎತ್ತಿದರು.

9ನೇ ತಾರೀಖು

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ಇರುತ್ತದೆ. 2016ರಿಂದ ನಡೆದುಕೊಂಡು ಬಂದ ಕೇಂದ್ರ ಸರ್ಕಾರದ ಕಾರ್ಯಕ್ರಮ. ಅವತ್ತು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಂಗಸರು ಜಾಸ್ತಿ ಸೇರುತ್ತಾರೆ, ಜಾಗೃತಿ ಕಾರ್ಯಕ್ರಮಕ್ಕೆ ಅನುಕೂಲ. ನಾನೇ ಅಕ್ಕೋರನ್ನು ಕಳಿಸಿದ್ದೆ. ಬಾಲ್ಯವಿವಾಹ ತಡೆಯ ಬ್ಯಾನರ್ ಕಟ್ಟಿ, ಮಾತಾಡಿ, ಫೋಟೋ ತೆಗೆಯಬೇಕಿತ್ತು.

ಬ್ಯಾನರಿನ ಒಂದು ತುದಿ ಕಿಟಕಿಯ ಸರಳಿಗೆ ಕಟ್ಟಿ ಇನ್ನೊಂದು ತುದಿ ಕಟ್ಟಲು ತಿರುಗಿದಾಗ, ಬೆಂಚಿನ ಕೊನೆಯಲ್ಲಿ ಕಬಡ್ಡಿ ಹುಡುಗಿ ಕೂತಿದ್ದಳು. ಕೊರಳಲ್ಲಿ ತಾಳಿ. ಮಡಿಲಲ್ಲಿ ತಾಯಿ ಕಾರ್ಡು. ಕಾರ್ಡಿನಲ್ಲಿ ವಯಸ್ಸು 19 ಅಂತ ಬರೆದಿತ್ತು. ಅಕ್ಕೋರಿಗೆ ಅವಳ ಹುಟ್ಟಿದ ತಾರೀಖು ಬಾಯಿಪಾಠ ಇತ್ತು. ಅವಳಿಗೆ ಇನ್ನೂ 17 ತುಂಬಿರಲಿಲ್ಲ.

ಹುಡುಗಿ ಮೊದಲು ಮುಖ ಕೆಳಗೆ ಹಾಕಿದಳು. ಆಮೇಲೆ ತಾನಾಗಿಯೇ ಮಾತಾಡಿದಳು. "ನೀವು ಬರ್ತೀನಂದಿದ್ರಿ ಅಕ್ಕೋರ. ಅವ್ವ ಎರಡ ತಿಂಗಳ ನಿಮ್ಮ ಹಾದಿ ನೋಡಿದ್ಲು."

ನಿಲ್ಲಿಸಿದ ಲಗ್ನ ನಾಲ್ಕು ತಿಂಗಳ ಮೇಲೆ ಬೇರೆ ತಾಲ್ಲೂಕಿನ ಗುಡಿಯೊಂದರಲ್ಲಿ ಬೆಳಗಿನ ಜಾವ ಆಗಿಹೋಗಿತ್ತು. ತಾಯಿಗೆ ಇಷ್ಟ ಇರಲಿಲ್ಲ. 'ಅಕ್ಕೋರು ಬರ್ತಾರೆ, ಹಾಸ್ಟೆಲಿಗೆ ಸೇರಿಸ್ತಾರೆ' ಅಂತ ಗಂಡನ ಮುಂದೆ ಹೇಳಿಕೊಂಡು ದಿನ ದೂಡಿದ್ದಳು. ಅಕ್ಕೋರು ಹೋಗಿರಲಿಲ್ಲ. ಆ ನಾಲ್ಕು ತಿಂಗಳ ಹಾಳೆಗಳನ್ನು ನಾನು ಆಮೇಲೆ ತೆಗೆದು ನೋಡಿದೆ. ನಾಲ್ಕೂ ತಿಂಗಳು ಅವರು ಗುರಿ ಮುಟ್ಟಿದ್ದರು.

ಮುಂದಿನದು ಇನ್ನೂ ಕಷ್ಟದ್ದು. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ 18ರೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ಆಗಿದೆ ಅಂತ ಗೊತ್ತಾದವರು ತಿಳಿಸಲೇಬೇಕು. ತಿಳಿಸದೇ ಇದ್ದರೆ ಆರು ತಿಂಗಳವರೆಗೆ ಜೈಲು ಆಗಬಹುದು. ಅಕ್ಕೋರು ವೈದ್ಯರಿಗೆ ಹೇಳಿದರು, ಠಾಣೆಗೆ ಬರೆದುಕೊಟ್ಟರು. ಹುಡುಗಿಯ ಗಂಡನ ಬಂಧನ ಆಯಿತು, ಹುಡುಗಿ ಬಾಲಮಂದಿರಕ್ಕೆ ಬಂದಳು. ಸಮಿತಿಯ ಮುಂದೆ ಅವಳು ಅಕ್ಕೋರ ಕಡೆ ಒಂದು ಸಲವೂ ತಿರುಗಲಿಲ್ಲ. ಹೊರಗೆ ಆ ತಾಯಿ, ಹಾದಿ ನೋಡಿದ ಅದೇ ತಾಯಿ, ಮಣ್ಣು ತೂರಿ ಶಾಪ ಹಾಕಿದಳು. ಕಾನೂನಿನ ಲೆಕ್ಕದಲ್ಲಿ ಅಕ್ಕೋರು ಮಾಡಿದ್ದು ಸರಿ, ಬೇರೆ ದಾರಿಯೂ ಇರಲಿಲ್ಲ. ಅವತ್ತು ರಾತ್ರಿ ಅವರು ಎಷ್ಟು ಗಂಟೆಗೆ ಮಲಗಿದರು ಅಂತ ನಮ್ಮಲ್ಲಿ ಯಾರೂ ಕೇಳಲಿಲ್ಲ.

ತಿಂಗಳ ಕೊನೆಗೆ ನಾನು ಆ ಹುಡುಗಿಯನ್ನು ಹಾಳೆಯಲ್ಲಿ ತುಂಬಿದೆ. 'ಹೊಸ ಪ್ರಕರಣ: 1'.

ಎರಡು ತಿಂಗಳು ಕಳೆದ ಮೇಲೆ ಅಕ್ಕೋರು ರಾಜೀನಾಮೆ ಕೊಟ್ಟರು. ಕಾರಣದ ಜಾಗದಲ್ಲಿ 'ವೈಯಕ್ತಿಕ' ಅಂತ ಇತ್ತು. ಐಡಿ ಕಾರ್ಡು, ಛತ್ರಿ, ಲಾಂಗ್‌ಬುಕ್ ಮೇಜಿನ ಮೇಲಿಟ್ಟರು. "ಮೇಡಂ, ನನಗಿನ್ನ ಆಗಂಗಿಲ್ರಿ" ಅಂದರು, ಅಷ್ಟೇ.

ಹೋದದ್ದು ಏನು

ಹುದ್ದೆ ಖಾಲಿ ಆದರೆ ಇನ್ನೊಬ್ಬರನ್ನು ತೆಗೆದುಕೊಂಡರಾಯಿತು ಅಂತ ನಾನೂ ಅಂದುಕೊಂಡಿದ್ದೆ. ಅಕ್ಕೋರ ಜಾಗಕ್ಕೆ ಬಂದ ಹುಡುಗ ಚುರುಕಾಗಿದ್ದ. ಆದರೆ ಅವನಿಗೆ ಫೋನೇ ಬರುತ್ತಿರಲಿಲ್ಲ. ಹಳ್ಳಿಗಳಿಂದ ಕರೆ ಹೋಗುತ್ತಿದ್ದದ್ದು ಮನೆಯಲ್ಲಿ ಕೂತಿದ್ದ ಅಕ್ಕೋರಿಗೆ. ರಾತ್ರಿ ಹತ್ತೂವರೆಗೆ ದನಿ ತಗ್ಗಿಸಿ ಮಾತಾಡುವ ಅಂಗನವಾಡಿ ಕಾರ್ಯಕರ್ತೆಗೆ ಸಂಸ್ಥೆ ಗೊತ್ತಿಲ್ಲ, ಅಕ್ಕೋರು ಗೊತ್ತು. ತನ್ನ ಹೆಸರು ಹೊರಗೆ ಬರುವುದಿಲ್ಲ ಅನ್ನುವ ನಂಬಿಕೆ ಮೂರು ವರ್ಷ ತೆಗೆದುಕೊಂಡು ಕಟ್ಟಿದ್ದು. ಅದು ಲಾಂಗ್‌ಬುಕ್ಕಿನಲ್ಲಿ ಹಸ್ತಾಂತರ ಆಗಲಿಲ್ಲ. ಆ ಹುಡುಗ ನಾಲ್ಕು ತಿಂಗಳಾದ ಮೇಲೆ ಧಾರವಾಡಕ್ಕೆ ಕೋಚಿಂಗಿಗೆ ಹೋದ. ಕಲ್ಯಾಣ ಕರ್ನಾಟಕದವರಿಗೆ 371(ಜೆ) ಮೀಸಲಾತಿ ಇದೆ, ಸರ್ಕಾರಿ ನೌಕರಿಗೆ ಓದುತ್ತೇನೆ ಅಂದ. ಅವನನ್ನು ತಪ್ಪು ಅನ್ನುವುದು ಹೇಗೆ? ಮೂರನೆಯವರನ್ನು ಮೈಕ್ರೋಫೈನಾನ್ಸ್ ಕಂಪನಿಯೊಂದು ಜಾಸ್ತಿ ಸಂಬಳ, ಪೆಟ್ರೋಲ್ ಖರ್ಚು ಕೊಟ್ಟು ಕರೆದುಕೊಂಡಿತು.

ಸಂಬಳ ಕಮ್ಮಿ, ಅದಕ್ಕೇ ಹೋಗುತ್ತಾರೆ ಅಂತ ನಮ್ಮ ಸಭೆಗಳಲ್ಲಿ ಹೇಳುತ್ತೇವೆ. ಎರಡನೆಯವರು, ಮೂರನೆಯವರ ವಿಷಯದಲ್ಲಿ ಅದು ಪೂರ್ತಿ ನಿಜ. ಅಕ್ಕೋರ ವಿಷಯದಲ್ಲಿ ಅರ್ಧ ನಿಜ. ಮನಶ್ಶಾಸ್ತ್ರಜ್ಞ ಫ್ರೆಡೆರಿಕ್ ಹರ್ಜ್‌ಬರ್ಗ್ 1959ರಲ್ಲಿ ಹೇಳಿದ ಮಾತು ಇಲ್ಲಿ ನೆನಪಾಗುತ್ತದೆ. ಸಂಬಳ, ಭದ್ರತೆ, ಕೆಲಸದ ವಾತಾವರಣ ಸರಿ ಇಲ್ಲದಿದ್ದರೆ ಅಸಮಾಧಾನ ಬರುತ್ತದೆ. ಆದರೆ ತೃಪ್ತಿ ಬರುವುದು ಬೇರೆ ಕಡೆಯಿಂದ, ಮಾಡಿದ ಕೆಲಸ ಕೈಗೂಡಿದ್ದನ್ನು ಕಾಣುವುದರಿಂದ, ಅದನ್ನು ನಾಲ್ಕು ಜನ ಗುರುತಿಸುವುದರಿಂದ. ಅಕ್ಕೋರಿಗೆ 14,500 ಮೊದಲಿಂದಲೂ ಕಮ್ಮಿಯೇ ಇತ್ತು. ಆದರೂ ಮಿರ್ಚಿ ಕೊಡಿಸುತ್ತಿದ್ದರು, 'ಗಣಿತಕ್ಕೆ ಅಳೋಳು' ಪಾಸಾದದ್ದನ್ನು ಕಂಡಿದ್ದರಿಂದ. ಮರುಭೇಟಿ ನಿಂತ ಮೇಲೆ ಅವರಿಗೆ ಪ್ರತಿ ಪ್ರಕರಣದ ಮೊದಲ ದಿನ ಮಾತ್ರ ಸಿಗುತ್ತಿತ್ತು. ಅಂದರೆ ಬೈಗುಳ, ಅಳು, ಶಾಪ. ಆರು ತಿಂಗಳ ಮೇಲಿನ ಒಳ್ಳೆಯ ದಿನ ಅವರ ಪಾಲಿಗೆ ಇಲ್ಲವೇ ಇಲ್ಲ. ನಾವು ಅವರ ಕೆಲಸದ ಭಾರ ಹೆಚ್ಚಿಸಿದೆವು ಅನ್ನುವುದಕ್ಕಿಂತ, ಭಾರ ಹೊರುವ ಶಕ್ತಿ ಎಲ್ಲಿಂದ ಬರುತ್ತಿತ್ತೋ ಅದನ್ನೇ ತೆಗೆದುಬಿಟ್ಟೆವು ಅಂತ ನನಗೆ ಈಗ ಅನ್ನಿಸುತ್ತದೆ.

ಬರ್ನ್‌ಔಟ್ ಅನ್ನುವ ಪದವನ್ನು, ಕೆಲಸದಿಂದ ಮನಸ್ಸು ಬಸವಳಿದು ಬರಿದಾಗುವುದು ಅನ್ನುವ ಅರ್ಥದಲ್ಲಿ, 1974ರಲ್ಲಿ ಬಳಕೆಗೆ ತಂದವರು ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದವರನ್ನು ನೋಡಿ, ತಮ್ಮನ್ನು ಪೂರ್ತಿ ಕೊಟ್ಟುಕೊಂಡವರಿಗೇ ಇದು ಬರುತ್ತದೆ ಅಂತ ಅವರು ಬರೆದರು. ಕ್ರಿಸ್ಟಿನಾ ಮ್ಯಾಸ್ಲಾಕ್ 1981ರಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿ ಮಾಡಿದಾಗ ಮೂರು ಗುರುತು ಹಿಡಿದರು: ಮನಸ್ಸು ಬರಿದಾಗುವುದು, ಎದುರಿನ ಮನುಷ್ಯರು ವಸ್ತುಗಳ ಹಾಗೆ ಕಾಣತೊಡಗುವುದು, ತನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ಬಿಚ್ಚದ ಬುತ್ತಿ, 'ಹದಿನಾಲ್ಕನೇ ಕೇಸು', 'ನನಗಿನ್ನ ಆಗಂಗಿಲ್ರಿ'. ಮೂರೂ ನನ್ನ ಕಣ್ಣ ಮುಂದೆಯೇ ನಡೆದಿದ್ದವು, ನಾನು ಎಂ.ಎಸ್.ಡಬ್ಲ್ಯೂ.ನಲ್ಲಿ ಇದನ್ನು ಓದಿ ಪರೀಕ್ಷೆ ಬರೆದವಳು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲಿ ಬರ್ನ್‌ಔಟ್ ಅನ್ನು ರೋಗ ಅಂತ ಸೇರಿಸಿಲ್ಲ. ಸರಿಯಾಗಿ ನಿಭಾಯಿಸದ, ಬಹಳ ಕಾಲದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಅಂತ ಹೇಳಿದೆ. ಇದು ಸಣ್ಣ ವಿಷಯ ಅಲ್ಲ. ರೋಗ ಆಗಿದ್ದರೆ ಅಕ್ಕೋರು ಮಾತ್ರೆ ತಗೊಳ್ಳಬೇಕಿತ್ತು. ಕೆಲಸದ್ದೇ ಆದ್ದರಿಂದ ಕೆಲಸವನ್ನು ಸರಿ ಮಾಡಬೇಕಿತ್ತು.

ಇನ್ನೊಂದು ಮಾತು. ಓದುವಾಗ ನಮಗೆ ವಾರಕ್ಕೆರಡು ದಿನ ಕ್ಷೇತ್ರಕಾರ್ಯ ಇರುತ್ತಿತ್ತು. ಜೊತೆಗೆ ಮೇಷ್ಟರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡುವ 'ಐಸಿ' ಇರುತ್ತಿತ್ತು. ಏನು ನೋಡಿದೆ, ಏನು ಅನ್ನಿಸಿತು, ಎಲ್ಲಿ ತಡವರಿಸಿದೆ ಅಂತ ಕೇಳುತ್ತಿದ್ದರು. ಡಿಗ್ರಿ ಸಿಕ್ಕ ದಿನ ಅದು ನಿಂತುಹೋಗುತ್ತದೆ. ಕಲಿಯುವಾಗ ಹಿಡಿದ ಕೈಯನ್ನು ನಿಜವಾದ ಪ್ರಕರಣ ಕೈಗೆ ಬಂದಾಗ ಬಿಟ್ಟುಬಿಡುತ್ತೇವೆ, ಯಾಕೆ? ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿದ ಕೆಲಸವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ನಮ್ಮ ಜಿಲ್ಲೆಯಲ್ಲೂ ಆ ತಂಡ ಇದೆ. ಹುಡುಗಿಯರನ್ನು ಎಷ್ಟೋ ಸಲ ಅಲ್ಲಿಗೆ ಕಳಿಸಿದ್ದೇವೆ. ಕಳಿಸಿದ ನಮ್ಮವರು ಹೇಗಿದ್ದಾರೆ ಅಂತ ಒಂದು ಸಲವೂ ಕೇಳಿಸಿಲ್ಲ.

ಆಮೇಲೆ ಮಾಡಿದ್ದು

ಮೊದಲು ಮಾಡಿದ್ದು ಉಪಯೋಗಕ್ಕೆ ಬರಲಿಲ್ಲ. ಹೊಸಪೇಟೆಯ ಹೋಟೆಲೊಂದರಲ್ಲಿ ಒಂದು ದಿನದ 'ಒತ್ತಡ ನಿರ್ವಹಣೆ' ತರಬೇತಿ ಇಟ್ಟೆವು. ಉಸಿರಾಟ ಕಲಿಸಿದರು, ಊಟ ಚೆನ್ನಾಗಿತ್ತು. ಮರುದಿನ ಅದೇ ಹಾಳೆ, ಅದೇ ಟಂಟಂ.

ಆಮೇಲೆ ಹಾಳೆಗೇ ಕೈ ಹಾಕಿದೆ. ದಾನಿ ಸಂಸ್ಥೆಗೆ ಕಬಡ್ಡಿ ಹುಡುಗಿಯ ಪ್ರಕರಣವನ್ನು ಹೆಸರಿಲ್ಲದೆ ಬರೆದು ಕಳಿಸಿ, ಮರುಭೇಟಿಯ ಕಾಲಂ ವಾಪಸ್ ಕೇಳಿದೆ. ಎರಡು ಸಲ ಬರೆಯಬೇಕಾಯಿತು. ಈಗ ಮಂಗಳವಾರ ನಮ್ಮಲ್ಲಿ ಹೊಸ ಊರಿಗೆ ಯಾರೂ ಹೋಗುವುದಿಲ್ಲ, ಹಳೆಯ ಮನೆಗಳಿಗೆ ಮಾತ್ರ. ಮುಚ್ಚಳಿಕೆ ಆದ ಮನೆಗೆ ಮೊದಲ ಮೂರು ತಿಂಗಳಲ್ಲಿ ನಾಲ್ಕು ಭೇಟಿ ಆಗಲೇಬೇಕು. ಹೊಸ ಪ್ರಕರಣದ ಗುರಿ ಅಷ್ಟು ಇಳಿದಿದೆ. ಹಂದರಕ್ಕೆ ಯಾವಾಗಲೂ ಇಬ್ಬರು ಹೋಗಬೇಕು. ಕಚೇರಿಗೆ ಒಂದು ಸಿಮ್ ತೆಗೆದುಕೊಂಡೆವು, ರಾತ್ರಿ ಅದು ವಾರಕ್ಕೊಬ್ಬರ ಕೈಯಲ್ಲಿ ಇರುತ್ತದೆ. ಟಂಟಂ ದುಡ್ಡು ವಾಪಸ್ ಬಂತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಹುಡುಗಿಯರಿಗೆ ಕೊಡುವ ಚೀಟಿಯಲ್ಲಷ್ಟೇ ಅಲ್ಲದೆ ನಮ್ಮ ಗೋಡೆಗೂ ಅಂಟಿಸಿದ್ದೇವೆ.

ಶನಿವಾರ ಸಂಜೆ ಒಂದು ಗಂಟೆ ಎಲ್ಲರೂ ಕೂರುತ್ತೇವೆ. ಮೊದಲ ಮೂರು ಶನಿವಾರ ಯಾರೂ ಬಾಯಿ ಬಿಡಲಿಲ್ಲ. ನಾಲ್ಕನೇ ವಾರ ತಂಡದ ಹಿರಿಯ ಅಣ್ಣ ಒಬ್ಬರು, "ಮೇಡಂ, ಆ ನೋಟ್‌ಬುಕ್ ಒಳಗಿಡ್ರಿ" ಅಂದರು. ನಾನು ಎಲ್ಲರ ಮಾತನ್ನೂ ಬರೆದುಕೊಳ್ಳುತ್ತಾ ಕೂತಿದ್ದೆ. ಪುಸ್ತಕ ಕಪಾಟಿಗೆ ಹಾಕಿ ಬಂದೆ. ಅವತ್ತು ಆ ಅಣ್ಣ, ಹನ್ನೆರಡು ವರ್ಷದಿಂದ ಈ ಕೆಲಸದಲ್ಲಿರುವವರು, ಮನೆಗೆ ಹೋದ ಮೇಲೆ ತಮ್ಮ ಮಗಳ ಜೊತೆ ಮಾತಾಡುವುದು ಕಷ್ಟ ಆಗುತ್ತಿದೆ ಅಂತ ಹೇಳಿದರು.

ಸಂಬಳದ ವಿಷಯ ಇನ್ನೂ ಹಾಗೇ ಇದೆ. ಸ್ವಲ್ಪ ಏರಿದೆ, ಸಾಲದು. ಕರಾರು ಈಗಲೂ 11 ತಿಂಗಳು. ಇದು ಸರಿ ಹೋಗದೆ ಬೇರೆ ಎಲ್ಲವೂ ತೇಪೆ ಹಚ್ಚಿದ ಹಾಗೆ ಅನ್ನುವ ಮಾತನ್ನು ನಾನು ಒಪ್ಪುತ್ತೇನೆ, ಮೇಲಿನವರಿಗೆ ಬರೆಯುತ್ತಲೂ ಇದ್ದೇನೆ. ನಾಲ್ಕನೆಯವರು ಬಂದು ಒಂದು ವರ್ಷ ದಾಟಿದೆ. ಅವರ ಫೋನಿಗೆ ಈಚೆಗೆ ಹಳ್ಳಿಯಿಂದ ನೇರ ಕರೆ ಬರತೊಡಗಿದೆ.

ಅಕ್ಕೋರು ಈಗ ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದಾರೆ, ಸಂಜೆ ಹತ್ತಾರು ಮಕ್ಕಳಿಗೆ ಟ್ಯೂಷನ್ ಹೇಳುತ್ತಾರೆ. ವಾಪಸ್ ಬರುತ್ತೀರಾ ಅಂತ ಎರಡನೇ ಭಾನುವಾರ ಕೇಳಿದೆ. ಇಲ್ಲ ಅಂದರು. ಹಳೆಯ ನಂಬರು ಮಾತ್ರ ಬದಲಿಸಿಲ್ಲ. ಅದಕ್ಕೆ ಬಂದ ಕರೆಯನ್ನು ನಮಗೆ ದಾಟಿಸುತ್ತಾರೆ. "ಆದರ ಒಂದು ಮೇಡಂ, ಕಡೀಕ ಏನಾತು ಅಂತ ನನಗೂ ಹೇಳ್ರಿ" ಅಂದರು. ಅವತ್ತಿನಿಂದ ಅವರು ದಾಟಿಸಿದ ಪ್ರತಿ ಕರೆಯ ಪ್ರಕರಣಕ್ಕೂ, ಯಾರು ಹೋಗಿರುತ್ತಾರೋ ಅವರೇ ಫೋನ್ ಮಾಡಿ ಆದದ್ದು ಹೇಳುತ್ತಾರೆ. ಕಳೆದ ವಾರ ಒಂದು ಕರೆ ದಾಟಿಸಿದ್ದಾರೆ, ಒಂಬತ್ತನೇ ಕ್ಲಾಸಿನ ಹುಡುಗಿ. ಲಗ್ನ ನಿಂತಿದೆ, ಮುಚ್ಚಳಿಕೆ ಆಗಿದೆ. ಎರಡನೇ ಭೇಟಿ ಬರುವ ಮಂಗಳವಾರ. ಅದು ಮುಗಿಸಿಕೊಂಡೇ ಅಕ್ಕೋರಿಗೆ ಫೋನ್ ಮಾಡಬೇಕು.